ಕೊನೇ ಮನೆಯ ನಲ್ಲಿ: ಸಣ್ಣ ಊರಿನ ಕುಡಿಯುವ ನೀರನ್ನು ನಾವೇ ಪರೀಕ್ಷಿಸಿ, ಪುರಸಭೆಯಿಂದ ಲೆಕ್ಕ ಕೇಳುವುದು ಹೇಗೆ

ನಮ್ಮದು ಬಯಲುಸೀಮೆಯ ಒಂದು ಪುರಸಭೆ ಊರು. ಮೂವತ್ತು ಸಾವಿರ ಜನ ಇರಬಹುದು. ನೀರು ಮೂರು ದಿನಕ್ಕೊಮ್ಮೆ ಬರುತ್ತದೆ, ಬೇಸಿಗೆಯಲ್ಲಿ ಐದು ದಿನಕ್ಕೊಮ್ಮೆ. ನಮ್ಮ ಬೀದಿ ಪೈಪ್‌ಲೈನಿನ ಕೊನೆಗಿದೆ. ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲದಲ್ಲಿ ಬೀದಿಯ ಏಳೆಂಟು ಮಕ್ಕಳಿಗೆ ಒಟ್ಟಿಗೇ ಕಾಮಾಲೆ ಬಂತು. ನಾಲ್ಕು ಜನ ಸೇರಿ ಕಚೇರಿಗೆ ಹೋಗಿ ಕೂಗಾಡಿದೆವು. ಅಲ್ಲಿದ್ದವರು ನಿಧಾನವಾಗಿ ಒಂದು ಫೈಲ್ ತೆಗೆದು ವರದಿ ತೋರಿಸಿದರು. 'ಕುಡಿಯಲು ಯೋಗ್ಯ' ಅಂತ ಸೀಲ್ ಬಿದ್ದಿತ್ತು. ನಮ್ಮ ಬಾಯಿ ಬಂದ್ ಆಯಿತು, ವಾಪಸ್ ಬಂದೆವು. ಆ ನೀರನ್ನು ಎಲ್ಲಿಂದ ಹಿಡಿದಿದ್ದರು ಅಂತ ಕೇಳಬೇಕಿತ್ತು ಎಂದು ಹೊಳೆದದ್ದು ರಾತ್ರಿ ಊಟಕ್ಕೆ ಕೂತಾಗ. ಮಾರನೇ ದಿನ ಮತ್ತೆ ಹೋಗಿ ನೋಡಿದರೆ, ಅದು ಓವರ್‌ಹೆಡ್ ಟ್ಯಾಂಕಿನ ಬುಡದಲ್ಲಿ ಹಿಡಿದ ನೀರು. ಅದೂ ನಾಲ್ಕು ತಿಂಗಳು ಹಿಂದಿನದು.

ವರದಿ ಸುಳ್ಳೇನಲ್ಲ. ಟ್ಯಾಂಕಿನ ಬುಡದಲ್ಲಿ ನೀರು ಚೆನ್ನಾಗಿಯೇ ಇದ್ದಿರಬಹುದು. ಆದರೆ ನಮ್ಮ ಮಕ್ಕಳು ನೀರು ಕುಡಿಯುವುದು ಅಲ್ಲಿಂದ ಎರಡು ಕಿಲೋಮೀಟರ್ ಪೈಪು, ಮೂರು ವಾಲ್ವು, ಒಂದು ಚರಂಡಿ ದಾಟಿದ ಮೇಲೆ. ಆಮೇಲೆ ಕಲಿತದ್ದನ್ನೆಲ್ಲ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ ಊರುಗಳಲ್ಲಿ ಇರುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಮೊದಲು ನೀರಿನ ದಾರಿ ಹಿಡಿದು ನಡೆಯಿರಿ

ಕಿಟ್, ಲ್ಯಾಬ್ ಎಲ್ಲ ಆಮೇಲೆ. ಒಂದು ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ಹೊರಡಿ. ನಿಮ್ಮ ಬೀದಿಗೆ ನೀರು ಬಿಡುವ ವಾಲ್ವ್‌ಮನ್ ಯಾರು ಅಂತ ಗೊತ್ತು ಮಾಡಿಕೊಳ್ಳಿ. ಕೆಲವು ಕಡೆ ಈಗಲೂ ನೀರುಗಂಟಿ ಅನ್ನುತ್ತಾರೆ. ಊರಿನ ನೀರಿನ ವಿಷಯ ಅವರಿಗೆ ಗೊತ್ತಿರುವಷ್ಟು ಎಂಜಿನಿಯರಿಗೂ ಗೊತ್ತಿರುವುದಿಲ್ಲ. ಒಂದು ಟೀ ಕುಡಿಸಿ, ನೀರು ಎಲ್ಲಿಂದ ಬರುತ್ತದೆ ಕೇಳಿ. ನದಿ ನೀರೋ, ಕೆರೆಯದೋ, ಬೋರಿನದೋ? ಒಂದಕ್ಕೊಂದು ಬೆರೆಸುತ್ತಾರಾ? ಬೆರೆಸುವುದಾದರೆ ಯಾವ ತಿಂಗಳಲ್ಲಿ? ಬ್ಲೀಚಿಂಗ್ ಪೌಡರ್ ಎಲ್ಲಿ ಹಾಕುತ್ತಾರೆ, ಯಾರು ಹಾಕುತ್ತಾರೆ? ಟ್ಯಾಂಕ್ ತೊಳೆದದ್ದು ಯಾವಾಗ?

ಆಮೇಲೆ ಟ್ಯಾಂಕಿನಿಂದ ನಿಮ್ಮ ಮನೆವರೆಗೆ ನಡೆಯಿರಿ. ಪೈಪು ಚರಂಡಿಯೊಳಗೇ ಹಾದುಹೋಗುತ್ತಿದೆಯಾ, ವಾಲ್ವ್ ಗುಂಡಿಯಲ್ಲಿ ಕೊಳಕು ನೀರು ನಿಂತಿದೆಯಾ, ಯಾವ ಜಾಯಿಂಟಿಗೆ ಸೈಕಲ್ ಟ್ಯೂಬ್ ಸುತ್ತಿದ್ದಾರೆ, ಎಲ್ಲವನ್ನೂ ನೋಡಿ. ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಹಾಳೆಯ ಮೇಲೆ ಒಂದು ಒರಟು ನಕ್ಷೆ ಬರೆದು ಟ್ಯಾಂಕು, ವಾಲ್ವು, ಚರಂಡಿ ದಾಟುವ ಜಾಗ, ಕೊನೇ ಮನೆ ಗುರುತು ಹಾಕಿ. ಮುಂದಿನ ಕೆಲಸಕ್ಕೆಲ್ಲ ಈ ನಕ್ಷೆಯೇ ಆಧಾರ.

ಚರಂಡಿ ದಾಟುವ ಪೈಪಿನ ಮೇಲೆ ಇಷ್ಟು ಗಮನ ಯಾಕೆ ಅಂದರೆ, ನಮ್ಮ ಊರುಗಳಲ್ಲಿ ನೀರು ದಿನವಿಡೀ ಬರುವುದಿಲ್ಲ. ನೀರು ಬಿಟ್ಟಾಗ ಪೈಪಿನೊಳಗೆ ಒತ್ತಡ ಇರುತ್ತದೆ, ಸೀಳಿನಿಂದ ನೀರು ಹೊರಗೆ ಚಿಮ್ಮುತ್ತದೆ. ನೀರು ನಿಂತ ಮೇಲೆ ಪೈಪು ಖಾಲಿ. ಆಗ ಅದೇ ಸೀಳಿನಿಂದ ಹೊರಗಿನ ಕೊಳಚೆ ಒಳಗೆ ಬರುತ್ತದೆ. ಇದರ ಮೇಲೆ ಯಾರಾದರೂ ಮೋಟಾರ್ ಹಚ್ಚಿ ನೇರ ಲೈನಿನಿಂದಲೇ ಎಳೆದರೆ ಇನ್ನೂ ಜಾಸ್ತಿ. ಹುಬ್ಬಳ್ಳಿ–ಧಾರವಾಡದಲ್ಲಿ ಕೆಲವು ವಾರ್ಡುಗಳಿಗೆ 24 ಗಂಟೆ ನೀರು, ಉಳಿದವಕ್ಕೆ ಕೆಲವು ದಿನಕ್ಕೊಮ್ಮೆ ನೀರು ಬರುತ್ತಿದ್ದಾಗ ಎರಡನ್ನೂ ಹೋಲಿಸಿ ನೋಡಿದ್ದರು. 2013ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ದಿನವಿಡೀ ನೀರು ಬರುವ ನಲ್ಲಿಗಳ ಮಾದರಿಗಳಲ್ಲಿ ಇ-ಕೋಲೈ ಸಿಕ್ಕಿದ್ದು ಬರೀ 0.7 ಶೇಕಡ. ಬಿಟ್ಟು ಬಿಟ್ಟು ಬರುವ ನಲ್ಲಿಗಳಲ್ಲಿ 31.7 ಶೇಕಡ. ಊರು ಒಂದೇ. ಇ-ಕೋಲೈ ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ, ಅದನ್ನು ಬಿಡಿಸಿ ಹೇಳುವುದು ಬೇಡ ಅಲ್ವಾ?

ಅಸಡ್ಡೆಗೆ ತೆತ್ತ ಬೆಲೆಯೂ ನಮ್ಮ ಕಣ್ಣೆದುರೇ ಇದೆ. 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಎರಡೂ ಜಿಲ್ಲಾ ಕೇಂದ್ರಗಳು, ಎಂಜಿನಿಯರುಗಳು, ಆಸ್ಪತ್ರೆ, ಲ್ಯಾಬ್ ಎಲ್ಲ ಇರುವ ಊರುಗಳು.

ಯಾವ ಸಂಖ್ಯೆ ನೋಡಬೇಕು

ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500. ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಅದನ್ನು ಪರಿಷ್ಕರಿಸಿ ಹೊರಡಿಸಿದೆ. ಅದರಲ್ಲಿ ಎರಡು ಕಾಲಂ ಇರುತ್ತವೆ. ಒಂದು ಒಪ್ಪಬಹುದಾದ ಮಿತಿ. ಇನ್ನೊಂದು, ಬೇರೆ ನೀರಿನ ಮೂಲವೇ ಇಲ್ಲದಾಗ ಸಹಿಸಬಹುದಾದ ಮಿತಿ. ಎರಡನೆಯ ಕಾಲಂ ತೋರಿಸಿ 'ಎಲ್ಲ ಸರಿ ಇದೆ' ಅನ್ನುವುದು ಕಚೇರಿಗಳ ಹಳೇ ಅಭ್ಯಾಸ. ಪಕ್ಕದಲ್ಲೇ ಒಳ್ಳೆಯ ನೀರು ಸಿಗುವಾಗ ಆ ಕಾಲಂ ಅನ್ವಯಿಸುವುದಿಲ್ಲ ಅಂತ ನೀವು ಹೇಳಬಹುದು.

ಪಟ್ಟಿ ತುಂಬ ಉದ್ದವಿದೆ. ಸಣ್ಣ ಊರಿನವರು ನೆನಪಿಟ್ಟುಕೊಳ್ಳಬೇಕಾದದ್ದು ಸ್ವಲ್ಪವೇ. ಇ-ಕೋಲೈ 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇರಬಾರದು, ಇದಕ್ಕೆ ವಿನಾಯಿತಿ ಇಲ್ಲ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು, ಇದಕ್ಕೂ ವಿನಾಯಿತಿ ಇಲ್ಲ. ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 1.5. ಟಿಡಿಎಸ್ (ಕರಗಿದ ಲವಣಗಳ ಒಟ್ಟು ಪ್ರಮಾಣ) 500 ಮಿಲಿಗ್ರಾಂ, ಗತಿಯಿಲ್ಲದಾಗ 2000. ಗಡಸುತನ 200, ಗತಿಯಿಲ್ಲದಾಗ 600. ಪಿಎಚ್ (ಹುಳಿ-ಕ್ಷಾರದ ಅಳತೆ) 6.5ರಿಂದ 8.5. ಮಬ್ಬು (ಅದರ ಅಳತೆ ಎನ್‌ಟಿಯು) 1 ಎನ್‌ಟಿಯು, ಹೆಚ್ಚೆಂದರೆ 5. ನಲ್ಲಿಗೆ ಬರುವಾಗ ನೀರಿನಲ್ಲಿ ಉಳಿದಿರುವ ಕ್ಲೋರಿನ್ (ಬ್ಲೀಚಿಂಗ್ ಪೌಡರಿನಲ್ಲಿ ರೋಗಾಣು ಕೊಲ್ಲುವ ಅಂಶ) ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ವೈರಸ್‌ನಿಂದ ರಕ್ಷಣೆ ಬೇಕಾದಾಗ ಕನಿಷ್ಠ 0.5 ಅಂತ ಅದೇ ಮಾನದಂಡ ಹೇಳುತ್ತದೆ. ಕಾಮಾಲೆ ತರುವುದು ವೈರಸ್. ಹಾಗಾಗಿ ಬೀದಿಯಲ್ಲಿ ಕಾಮಾಲೆ ಕಾಣಿಸಿಕೊಂಡರೆ ನೀವು ಕೇಳಬೇಕಾದ ಸಂಖ್ಯೆ 0.5.

ಪಾವಗಡ, ಬಾಗೇಪಲ್ಲಿ ಕಡೆಯವರಿಗೆ ಫ್ಲೋರೈಡ್ ಬಗ್ಗೆ ನಾನು ಹೇಳುವುದೇನಿಲ್ಲ, ಹಲ್ಲಿನ ಕಲೆ ನೋಡಿದರೇ ಗೊತ್ತಾಗುತ್ತದೆ. ಕಲ್ಲುಬಂಡೆಯ ಸೀಮೆಯಲ್ಲಿ ಬೋರ್ ಆಳಕ್ಕೆ ಹೋದಷ್ಟೂ ಫ್ಲೋರೈಡ್ ಹೆಚ್ಚುವ ಸಂಭವ ಜಾಸ್ತಿ. ನೈಟ್ರೇಟ್ ಬರುವುದು ಗೊಬ್ಬರದಿಂದ, ಕೊಟ್ಟಿಗೆಯಿಂದ, ಮುಖ್ಯವಾಗಿ ಒಳಚರಂಡಿ ಇಲ್ಲದ ಊರಿನ ಶೌಚ ಗುಂಡಿಗಳಿಂದ. ಹಸುಗೂಸುಗಳಿಗೆ ಅದು ಅಪಾಯ.

ನಲ್ಲಿಯ ಬುಡದಲ್ಲೇ ಮಾಡುವ ಪರೀಕ್ಷೆ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ, ಖರ್ಚೂ ಕಡಿಮೆ. ಉಳಿದ ಕ್ಲೋರಿನ್ ನೋಡುವ ಸಣ್ಣ ಕಿಟ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಎರಡು ಬಗೆ ಇವೆ. ಒಂದರಲ್ಲಿ ಆರ್ಥೋಟಾಲಿಡಿನ್ ಎಂಬ ದ್ರವ, ನೀರು ಹಳದಿಯಾಗುತ್ತದೆ. ಪುರಸಭೆಯವರ ಹತ್ತಿರ ಸಾಮಾನ್ಯವಾಗಿ ಇರುವುದು ಇದೇ. ಇನ್ನೊಂದು ಡಿಪಿಡಿ ಮಾತ್ರೆ, ನೀರು ಗುಲಾಬಿಯಾಗುತ್ತದೆ. ಸಿಕ್ಕರೆ ಡಿಪಿಡಿ ಕೊಳ್ಳಿ. ಆರ್ಥೋಟಾಲಿಡಿನ್ ವಿಷಕಾರಿ, ಕೈಗೆ ತಾಗಿಸಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಯಾವುದೇ ಇರಲಿ, ಪರೀಕ್ಷೆ ಮಾಡಿದ ನೀರನ್ನು ಚೆಲ್ಲಿ ಕೈ ತೊಳೆದುಕೊಳ್ಳಿ.

ನೀರನ್ನು ಸಂಪಿನಿಂದಲೋ ಸಿಂಟೆಕ್ಸ್ ಟ್ಯಾಂಕಿನಿಂದಲೋ ಹಿಡಿಯಬಾರದು. ಬೀದಿಯ ಲೈನಿನಿಂದ ನೇರ ಬರುವ ನಲ್ಲಿ ಬೇಕು. ನೀರು ಬಂದ ತಕ್ಷಣ ಒಮ್ಮೆ, ಹತ್ತು ನಿಮಿಷ ಬಿಟ್ಟು ಒಮ್ಮೆ, ನಿಲ್ಲುವ ಮುಂಚೆ ಒಮ್ಮೆ ನೋಡಿ. ಗೆರೆವರೆಗೆ ನೀರು ತುಂಬಿಸಿ, ಹೇಳಿದಷ್ಟು ಹನಿ ಅಥವಾ ಮಾತ್ರೆ ಹಾಕಿ, ಬಣ್ಣವನ್ನು ಪಟ್ಟಿಗೆ ಹೋಲಿಸಿ. ಆರ್ಥೋಟಾಲಿಡಿನ್ ಆದರೆ ಹತ್ತು ಸೆಕೆಂಡಿನೊಳಗೇ ಬಣ್ಣ ಓದಿಬಿಡಿ. ತಡ ಮಾಡಿದರೆ ಬೇರೆ ವಸ್ತುಗಳ ಜೊತೆ ಸೇರಿಹೋದ ಕ್ಲೋರಿನ್ ಕೂಡ ಬಣ್ಣ ಕೊಟ್ಟು ಲೆಕ್ಕ ತಪ್ಪುತ್ತದೆ. ನೀರನ್ನು ಮನೆಗೆ ಒಯ್ದು ಸಂಜೆ ನೋಡುತ್ತೇನೆ ಅನ್ನುವುದೂ ಆಗದು. ಬಿಸಿಲಿಗೆ, ಹೊತ್ತಿಗೆ ಕ್ಲೋರಿನ್ ಹಾರಿಹೋಗುತ್ತದೆ.

ಒಂದೇ ಜಾಗದಲ್ಲಿ ನೋಡಿದರೆ ಅರ್ಧ ವಿಷಯ ಮಾತ್ರ ಗೊತ್ತಾಗುತ್ತದೆ. ಅದೇ ದಿನ ಟ್ಯಾಂಕಿನ ಹತ್ತಿರದ ಒಂದು ಮನೆಯಲ್ಲಿ, ಮಧ್ಯದ ಒಂದು ಮನೆಯಲ್ಲಿ, ಕೊನೇ ಮನೆಯಲ್ಲಿ, ಹೀಗೆ ಮೂರು ಕಡೆ ನೋಡಿ. ಮೂರೂ ಕಡೆ ಸೊನ್ನೆ ಬಂದರೆ ಆ ದಿನ ಕ್ಲೋರಿನ್ ಹಾಕಿಯೇ ಇಲ್ಲ. ಪೌಡರ್ ಮುಗಿದಿರಬಹುದು, ಕ್ಲೋರಿನ್ ಬಿಡುವ ಯಂತ್ರ ಕೆಟ್ಟಿರಬಹುದು. ಅಥವಾ ಗೋದಾಮಿನಲ್ಲಿ ಬಾಯಿ ತೆರೆದ ಚೀಲದಲ್ಲಿ ಪೌಡರ್ ಸತ್ತುಹೋಗಿರಬಹುದು. ಹೊಸ ಬ್ಲೀಚಿಂಗ್ ಪೌಡರಿನಲ್ಲಿ ಶೇಕಡ 30ರ ಆಸುಪಾಸು ಕ್ಲೋರಿನ್ ಇರುತ್ತದೆ, ಗಾಳಿ ತೇವ ತಾಗಿದರೆ ಅದು ಬೇಗ ಇಳಿಯುತ್ತದೆ. ಬಿಳೀ ಪುಡಿ ಹಾಕಿದ್ದಾರೆ ಅಂದ ಮಾತ್ರಕ್ಕೆ ಕ್ಲೋರಿನ್ ಹಾಕಿದರು ಅಂತ ಅಲ್ಲ.

ಟ್ಯಾಂಕಿನ ಹತ್ತಿರ ಚೆನ್ನಾಗಿದ್ದು ಕೊನೇ ಮನೆಯಲ್ಲಿ ಸೊನ್ನೆ ಬಂದರೆ, ದಾರಿಯಲ್ಲಿ ಏನೋ ಕ್ಲೋರಿನ್ನನ್ನು ತಿನ್ನುತ್ತಿದೆ. ಹಳೇ ಪೈಪಿನ ಒಳಗಿನ ಕೆಸರು ಇರಬಹುದು, ಚರಂಡಿ ನೀರು ಇರಬಹುದು. ಆಗ ನಕ್ಷೆ ತೆಗೆದು ಮಧ್ಯದ ಮನೆಗಳಲ್ಲಿ ಒಂದೊಂದಾಗಿ ನೋಡುತ್ತಾ ಬನ್ನಿ. ಎಲ್ಲಿ ಬಣ್ಣ ತಟ್ಟನೆ ಇಳಿಯುತ್ತದೋ ಆ ಎರಡು ಮನೆಗಳ ನಡುವೆ ತೊಂದರೆ ಇದೆ. ನಮ್ಮ ಬೀದಿಯಲ್ಲಿ ಅದು ಸಿಕ್ಕಿದ್ದು ಒಂದು ಮೋರಿಯ ಕೆಳಗೆ. ಅಗೆದು ತೆಗೆದಾಗ ಪೈಪಿನಲ್ಲಿ ಹೆಬ್ಬೆರಳು ತೂರುವಷ್ಟು ತೂತು.

ನೀರಿನಲ್ಲಿ ಬ್ಲೀಚಿಂಗ್ ವಾಸನೆ ಬರುತ್ತದೆ ಅಂತ ಜಗಳ ಆಡುವವರು ಪ್ರತಿ ಬೀದಿಯಲ್ಲೂ ಇರುತ್ತಾರೆ. ಅವರ ಕಾಟಕ್ಕೆ ಕೆಲವು ಕಡೆ ಪೌಡರ್ ಹಾಕುವುದನ್ನೇ ಕಡಿಮೆ ಮಾಡುತ್ತಾರೆ. ಸ್ವಲ್ಪ ವಾಸನೆ ಬಂದರೆ ಬರಲಿ ಬಿಡಿ. ಕೊಡದಲ್ಲಿ ಒಂದು ಗಂಟೆ ಇಟ್ಟರೆ ಹೆಚ್ಚುಕಮ್ಮಿ ಹೋಗುತ್ತದೆ.

ಬ್ಯಾಕ್ಟೀರಿಯಾ ನೋಡಲು ಎಚ್‌2ಎಸ್ ಬಾಟಲಿ ಅಂತ ಸಿಗುತ್ತದೆ. ನೀರು ತುಂಬಿಸಿ ಬೆಚ್ಚಗಿನ ಜಾಗದಲ್ಲಿ 24ರಿಂದ 48 ಗಂಟೆ ಇಟ್ಟರೆ, ಮಲದ ಬ್ಯಾಕ್ಟೀರಿಯಾ ಇದ್ದಲ್ಲಿ ಕಪ್ಪಾಗುತ್ತದೆ. ನಮ್ಮ ದೇಶದಲ್ಲೇ 1982ರಲ್ಲಿ ಕಂಡುಹಿಡಿದ ವಿಧಾನ ಇದು. ಅನುಮಾನ ಹುಟ್ಟಿಸಲು ಸಾಕು, ಕಾಗದದ ಮೇಲೆ ವಾದಿಸಲು ಸಾಲದು. ಆದರೆ ಕಪ್ಪಾದ ಬಾಟಲಿಯನ್ನು ವಾರ್ಡ್ ಸದಸ್ಯರ ಮೇಜಿನ ಮೇಲೆ ಇಟ್ಟು ನೋಡಿ.

ಟಿಡಿಎಸ್ ಮೀಟರ್ ಬಗ್ಗೆ ಒಂದು ಮಾತು. ಆರ್‌ಓ ಮಾರುವವರು ಬಂದು ನೀರಿಗೆ ಪೆನ್ನಿನಂಥದ್ದನ್ನು ಅದ್ದಿ '600 ಇದೆ ನೋಡಿ ಮೇಡಂ' ಅಂತ ಹೆದರಿಸುತ್ತಾರಲ್ಲ, ಅದೇ. ಅದು ಹೇಳುವುದು ಕರಗಿದ ಲವಣ ಒಟ್ಟು ಎಷ್ಟಿದೆ ಅಂತ ಮಾತ್ರ. ಕಾಲರಾ ಬ್ಯಾಕ್ಟೀರಿಯಾ ತುಂಬಿದ ನೀರಿನ ಟಿಡಿಎಸ್ 150 ಇರಬಹುದು. ಫ್ಲೋರೈಡ್ ಎಷ್ಟಿದೆ ಅಂತಲೂ ಅದಕ್ಕೆ ಗೊತ್ತಾಗದು.

ಮಾದರಿ ಹಿಡಿಯುವುದು

ಲ್ಯಾಬಿಗೆ ಕೊಡುವ ನೀರನ್ನು ತಪ್ಪಾಗಿ ಹಿಡಿದರೆ ಪರೀಕ್ಷೆ ಮಾಡಿಸಿದ ದುಡ್ಡು ದಂಡ. ಎರಡು ಬಾಟಲಿ ಬೇಕು, ಎರಡಕ್ಕೂ ಕ್ರಮ ಬೇರೆ ಬೇರೆ.

ರಾಸಾಯನಿಕ ಪರೀಕ್ಷೆಗೆ ಎರಡು ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಕ್ಯಾನ್ ಸಾಕು. ಅದೇ ನೀರಿನಲ್ಲಿ ಎರಡು ಮೂರು ಸಲ ತೊಳೆದು, ಬಾಯಿವರೆಗೆ ತುಂಬಿ ಮುಚ್ಚಳ ಬಿಗಿ ಮಾಡಿ. ತಂಪು ಪಾನೀಯದ ಹಳೇ ಬಾಟಲಿ ಬೇಡ.

ಬ್ಯಾಕ್ಟೀರಿಯಾ ಪರೀಕ್ಷೆಯ ಬಾಟಲಿಯನ್ನು ಲ್ಯಾಬಿನಿಂದಲೇ ತನ್ನಿ. ಅದನ್ನು ಬಿಸಿ ಹಬೆಯಲ್ಲಿ ಶುದ್ಧ ಮಾಡಿರುತ್ತಾರೆ. ನಿಮ್ಮದು ಕ್ಲೋರಿನ್ ಹಾಕಿದ ನೀರು ಅಂತ ಮೊದಲೇ ಹೇಳಿ. ಆಗ ಬಾಟಲಿಗೆ ಸೋಡಿಯಂ ಥಯೋಸಲ್ಫೇಟ್ ಹಾಕಿಕೊಡುತ್ತಾರೆ. ಇಲ್ಲದಿದ್ದರೆ ದಾರಿಯುದ್ದಕ್ಕೂ ಬಾಟಲಿಯೊಳಗಿನ ಕ್ಲೋರಿನ್ ಕೆಲಸ ಮಾಡುತ್ತಲೇ ಇದ್ದು, ನಿಮ್ಮ ನಲ್ಲಿಯಲ್ಲಿ ಇದ್ದ ಬ್ಯಾಕ್ಟೀರಿಯಾ ಲ್ಯಾಬ್ ತಲುಪುವಷ್ಟರಲ್ಲಿ ಸತ್ತಿರುತ್ತದೆ. ಈ ಬಾಟಲಿಯನ್ನು ತೊಳೆಯಬಾರದು. ನಲ್ಲಿಗೆ ಸಿಕ್ಕಿಸಿದ ಪೈಪು, ಬಟ್ಟೆ ತೆಗೆದುಬಿಡಿ. ಲೋಹದ ನಲ್ಲಿಯಾದರೆ ಬಾಯಿಯನ್ನು ಬೆಂಕಿಯಲ್ಲಿ ಸುಟ್ಟು, ಪ್ಲಾಸ್ಟಿಕ್ಕಾದರೆ ಸ್ಪಿರಿಟ್‌ನಲ್ಲಿ ಒರೆಸಿ, ಎರಡು ಮೂರು ನಿಮಿಷ ನೀರು ಹರಿಯಲು ಬಿಡಿ. ಮುಚ್ಚಳದ ಒಳಭಾಗಕ್ಕೆ ಬೆರಳು ತಾಗದಂತೆ ತೆಗೆದು ತುಂಬಿ. ಮೇಲೆ ಒಂದು ಅಂಗುಲ ಖಾಲಿ ಇರಲಿ. ಐಸ್ ಹಾಕಿದ ಡಬ್ಬಿಯಲ್ಲಿಟ್ಟು ಆದಷ್ಟೂ ಆರು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಿ. 24 ಗಂಟೆ ದಾಟಿದರೆ ಆ ನೀರು ಚೆಲ್ಲಿಬಿಡಿ. ಶನಿವಾರ ಮಧ್ಯಾಹ್ನ ಮಾದರಿ ಹಿಡಿಯುವ ತಪ್ಪು ನಾನು ಮಾಡಿದ್ದೇನೆ. ಭಾನುವಾರ ಲ್ಯಾಬ್ ರಜೆ.

ಮೊದಲ ನೀರು ಹೇಗಿದೆ ಅಂತ ತಿಳಿಯಬೇಕಾದರೆ ಅದನ್ನು ಬೇರೆ ಬಾಟಲಿಯಲ್ಲಿ ಹಿಡಿದು 'ನೀರು ಬಂದ ತಕ್ಷಣ' ಅಂತ ಚೀಟಿ ಅಂಟಿಸಿ. ಪ್ರತಿ ಬಾಟಲಿಯ ಮೇಲೂ ಜಾಗ, ದಿನಾಂಕ, ಗಂಟೆ, ನೀರು ಬಿಟ್ಟು ಎಷ್ಟು ನಿಮಿಷ ಆಗಿತ್ತು, ಆಗ ಕ್ಲೋರಿನ್ ಎಷ್ಟಿತ್ತು, ಎಲ್ಲ ಬರೆಯಿರಿ. ಹಿಡಿಯುವಾಗ ನೆರೆಯ ಇಬ್ಬರು ಪಕ್ಕದಲ್ಲಿರಲಿ, ಒಂದು ವಿಡಿಯೋ ಮಾಡಿಕೊಳ್ಳಲಿ.

ಎಲ್ಲಿ ಕೊಡಬೇಕು? ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯಗಳಲ್ಲಿ ಜನರೂ ಶುಲ್ಕ ಕಟ್ಟಿ ನೀರು ಪರೀಕ್ಷೆ ಮಾಡಿಸಬಹುದು. ಆರೋಗ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯ ಬ್ಯಾಕ್ಟೀರಿಯಾ ಪರೀಕ್ಷೆ ಮಾಡುತ್ತದೆ. ಕಾಯಿಲೆ ಹರಡಿದ್ದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಪತ್ರ ಕೊಡಿ, ಮಾದರಿಯನ್ನು ಅವರೇ ಹಿಡಿಸುತ್ತಾರೆ. ಖಾಸಗಿ ಲ್ಯಾಬಾದರೆ ಲ್ಯಾಬುಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ ಕೊಡುವ ಎನ್‌ಎಬಿಎಲ್ ಮಾನ್ಯತೆ ಇದೆಯಾ, ನೀವು ಕೇಳುವ ಪರೀಕ್ಷೆಗೇ ಇದೆಯಾ ಅಂತ ನೋಡಿ. ವರ್ಷಕ್ಕೆ ಎರಡು ಸಲ, ಬೇಸಿಗೆಯ ಕೊನೆಗೆ ಒಮ್ಮೆ, ಮೊದಲ ಮಳೆ ಬಿದ್ದ ಮೇಲೆ ಒಮ್ಮೆ ಮಾಡಿಸಿದರೆ ಸಾಕು.

ಪುರಸಭೆ ಎಷ್ಟು ಪರೀಕ್ಷೆ ಮಾಡಿಸಬೇಕು?

ಇಲ್ಲಿ ಒಂದು ಕಹಿ ಸಂಗತಿ ಇದೆ. ಐಎಸ್ 10500 ಪಾಲಿಸಲೇಬೇಕು, ತಪ್ಪಿದರೆ ಇಷ್ಟು ದಂಡ ಅಂತ ನಲ್ಲಿ ನೀರು ಕೊಡುವ ಸಂಸ್ಥೆಗಳಿಗೆ ಕಡ್ಡಾಯ ಮಾಡಿದ ಕಾನೂನು ನಮ್ಮಲ್ಲಿಲ್ಲ. ಕ್ಯಾನಿನಲ್ಲಿ ಮಾರುವ ನೀರಿಗೆ ಆಹಾರ ಸುರಕ್ಷತಾ ಕಾನೂನು ಇದೆ, ಲೈಸೆನ್ಸ್ ಇದೆ. ನಲ್ಲಿ ನೀರಿಗೆ ಅಂಥದ್ದಿಲ್ಲ. ಕಾನೂನಿನಲ್ಲೇ ಇರುವ ತೂತು ಇದು.

ಹಾಗಂತ ನಮ್ಮ ಕೈ ಖಾಲಿಯಲ್ಲ. ಕರ್ನಾಟಕ ಪೌರಸಭೆಗಳ ಅಧಿನಿಯಮ 1964ರಲ್ಲಿ ನೀರು ಪೂರೈಕೆ ಪುರಸಭೆಯ ಕಡ್ಡಾಯ ಕೆಲಸಗಳ ಪಟ್ಟಿಯಲ್ಲಿದೆ. ಶುದ್ಧ ನೀರು, ಶುದ್ಧ ಗಾಳಿ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಬರುತ್ತವೆ ಅಂತ ಸುಪ್ರೀಂ ಕೋರ್ಟ್ 1991ರ ಸುಭಾಷ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಇನ್ನು 'ಅನುದಾನ ಇಲ್ಲ ಸ್ವಾಮಿ' ಎಂಬ ಮಾಮೂಲಿ ಉತ್ತರಕ್ಕೆ ಮಧ್ಯಪ್ರದೇಶದ ರತ್ಲಾಮ್ ಊರಿನ ಜನ 1980ರಲ್ಲೇ ಜವಾಬು ತಂದುಕೊಟ್ಟಿದ್ದಾರೆ. ಬೀದಿಯಲ್ಲಿ ಕೊಳಚೆ ಹರಿಯುತ್ತಿದೆ ಅಂತ ಅವರು ಮ್ಯಾಜಿಸ್ಟ್ರೇಟರ ಬಳಿ ಹೋದರು. ದುಡ್ಡಿಲ್ಲ ಅಂತ ಮುನ್ಸಿಪಾಲಿಟಿ ಸುಪ್ರೀಂ ಕೋರ್ಟಿನವರೆಗೆ ವಾದಿಸಿತು. ಜನರ ಆರೋಗ್ಯದ ಕರ್ತವ್ಯದಿಂದ ತಪ್ಪಿಸಿಕೊಳ್ಳಲು ಹಣದ ಕೊರತೆ ನೆಪವಾಗದು ಅಂತ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ತೀರ್ಪು ಬರೆದರು.

ಪರೀಕ್ಷೆಯ ಲೆಕ್ಕಕ್ಕೆ ಕೇಂದ್ರ ಸರ್ಕಾರದ ನೀರು ಪೂರೈಕೆ ತಾಂತ್ರಿಕ ಸಂಸ್ಥೆ ಹೊರಡಿಸಿದ ಸಿಪಿಎಚ್‌ಇಇಒ ಕೈಪಿಡಿ ಇದೆ, ಎಂಜಿನಿಯರುಗಳು ಅನುಸರಿಸುವುದು ಅದನ್ನೇ. 2024ರಲ್ಲಿ ಅದರ ಪರಿಷ್ಕೃತ ಆವೃತ್ತಿ ಬಂದಿದೆ. ನಾವು ಹಿಡಿದದ್ದು 1999ರದ್ದು. ಅದರ ಪ್ರಕಾರ ಬ್ಯಾಕ್ಟೀರಿಯಾ ಪರೀಕ್ಷೆಗೆ ಪ್ರತಿ 5,000 ಜನರಿಗೆ ತಿಂಗಳಿಗೆ ಒಂದು ಮಾದರಿ. ಜನಸಂಖ್ಯೆ 20,000 ಒಳಗಿದ್ದರೆ ಎರಡು ಪರೀಕ್ಷೆಗಳ ನಡುವೆ ಒಂದು ತಿಂಗಳಿಗಿಂತ ಹೆಚ್ಚು ಅಂತರ ಇರಬಾರದು. 20,000ದಿಂದ 50,000 ಇದ್ದರೆ ಎರಡು ವಾರ. 50,000 ದಾಟಿ ಒಂದು ಲಕ್ಷದವರೆಗೆ ಇದ್ದರೆ ನಾಲ್ಕು ದಿನ. ನಮ್ಮೂರಿಗೆ ಲೆಕ್ಕ ಹಾಕಿದರೆ ತಿಂಗಳಿಗೆ ಆರು ಮಾದರಿ, ವರ್ಷಕ್ಕೆ 72. ನಮಗೆ ಫೈಲಿನಲ್ಲಿ ಸಿಕ್ಕಿದ್ದು ನಾಲ್ಕು. ಕೂಗಾಡುವುದಕ್ಕಿಂತ ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಬರೆದು ಕೊಟ್ಟದ್ದು ಜಾಸ್ತಿ ಕೆಲಸ ಮಾಡಿತು.

ಕೇಳುವ ಕ್ರಮ

ಮೊದಲು ಮುಖ್ಯಾಧಿಕಾರಿಗೆ ಒಂದು ಪತ್ರ. ನಗರಸಭೆಯಾದರೆ ಪೌರಾಯುಕ್ತರಿಗೆ. ನಕ್ಷೆ, ಕ್ಲೋರಿನ್ ನೋಡಿದ ಪಟ್ಟಿ, ಫೋಟೋ, ಲ್ಯಾಬ್ ವರದಿ ಜೊತೆಗಿರಲಿ. ನೀರು ಕೆಟ್ಟಿದೆ ಅಂತಷ್ಟೇ ಬರೆದರೆ ಉಪಯೋಗವಿಲ್ಲ. 'ಇಂಥ ಮೋರಿ ದಾಟುವ ಜಾಗದ ಪೈಪು ಬದಲಿಸಿ, ಬದಲಿಸಿದ ಮೇಲೆ ಕೊನೇ ಮನೆಯ ನಲ್ಲಿಯಿಂದ ಮಾದರಿ ಹಿಡಿದು ಪರೀಕ್ಷೆ ಮಾಡಿಸಿ, ವರದಿಯನ್ನು ಸೂಚನಾ ಫಲಕದಲ್ಲಿ ಹಾಕಿ' ಅಂತ ಬರೆಯಿರಿ. ಟಪಾಲು ವಿಭಾಗದಲ್ಲಿ ಕೊಟ್ಟು ಇನ್ನೊಂದು ಪ್ರತಿಗೆ ಸೀಲು, ದಿನಾಂಕ ಹಾಕಿಸಿಕೊಳ್ಳುವುದು ಮರೆಯಬೇಡಿ. ಪೌರಾಡಳಿತ ಇಲಾಖೆಯ ಜನಹಿತ ಆ್ಯಪಿನಲ್ಲೂ ದೂರು ಹಾಕಿ, ಅಲ್ಲಿ ದೂರಿಗೆ ಸಂಖ್ಯೆ ಸಿಗುತ್ತದೆ. 1902ಕ್ಕೆ ಫೋನ್ ಮಾಡಿ ಜನಸ್ಪಂದನದಲ್ಲಿ ದಾಖಲಿಸುವ ದಾರಿಯೂ ಇದೆ.

ಜೊತೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಇದನ್ನು ಮೀರಿದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ. ನಾವು ಬರೆದದ್ದು ಹೆಚ್ಚುಕಮ್ಮಿ ಹೀಗಿತ್ತು:

'ವಿಷಯ: ಪುರಸಭೆ ಪೂರೈಸುವ ಕುಡಿಯುವ ನೀರಿನ ಗುಣಮಟ್ಟ ಪರೀಕ್ಷೆ. ಕಳೆದ 12 ತಿಂಗಳಲ್ಲಿ ನಡೆದ ಎಲ್ಲ ನೀರಿನ ಪರೀಕ್ಷಾ ವರದಿಗಳ ದೃಢೀಕೃತ ಪ್ರತಿ, ಮಾದರಿ ಹಿಡಿದ ಜಾಗ, ದಿನಾಂಕ ಮತ್ತು ವೇಳೆಯ ಸಮೇತ ಕೊಡಬೇಕು. ಇದೇ ಅವಧಿಯ ದೈನಂದಿನ ಕ್ಲೋರಿನ್ ತಪಾಸಣೆ ಪುಸ್ತಕ, ಬ್ಲೀಚಿಂಗ್ ಪೌಡರ್ ದಾಸ್ತಾನು ಪುಸ್ತಕ ಮತ್ತು ಟ್ಯಾಂಕ್ ತೊಳೆದ ದಾಖಲೆಯ ಪ್ರತಿ ಕೊಡಬೇಕು.'

'ಯಾಕೆ ಪರೀಕ್ಷೆ ಮಾಡಿಲ್ಲ?' ಅಂತ ಕೇಳಬೇಡಿ. ಕಾರಣ ಕೇಳಿದರೆ ಅದು ಮಾಹಿತಿ ಅಲ್ಲ ಅನ್ನುತ್ತಾರೆ. ದಾಖಲೆ ಕೇಳಿ. ದಾಸ್ತಾನು ಪುಸ್ತಕ ಯಾಕೆ ಮುಖ್ಯ ಅಂದರೆ, ತಪಾಸಣೆ ಪುಸ್ತಕದಲ್ಲಿ ದಿನಾ '0.5' ಅಂತ ಒಂದೇ ಕೈಬರಹದಲ್ಲಿ ಬರೆದಿದ್ದರೂ, ಮೂರು ವಾರ ಪೌಡರ್ ಸ್ಟಾಕೇ ಇರಲಿಲ್ಲ ಎಂಬುದು ಇನ್ನೊಂದು ಪುಸ್ತಕದಲ್ಲಿ ಗೊತ್ತಾಗಿಬಿಡುತ್ತದೆ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ದಾಖಲೆ, ಕಾಮಗಾರಿ ಪರಿಶೀಲಿಸುವ ಹಕ್ಕಿನ ಜೊತೆ ವಸ್ತುಗಳ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ಬಹಳ ಜನಕ್ಕೆ ಇದು ಗೊತ್ತಿಲ್ಲ. ಉತ್ತರಕ್ಕೆ 30 ದಿನ ಗಡುವು. ಜೀವಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ. ಬೀದಿಯಲ್ಲಿ ವಾಂತಿಭೇದಿ ಹರಡಿರುವಾಗ ಇದನ್ನು ಅರ್ಜಿಯ ಮೇಲೇ ಬರೆಯಿರಿ. ಉತ್ತರ ಬರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾಧಿಕಾರಿಗೆ ಬರೆಯಿರಿ. ಜಿಲ್ಲೆಯ ಪುರಸಭೆಗಳನ್ನು ನೋಡಿಕೊಳ್ಳುವ ಜಿಲ್ಲಾ ನಗರಾಭಿವೃದ್ಧಿ ಕೋಶ ಅವರ ಕೆಳಗೇ ಇದೆ. ಖಾಯಂ ಜನತಾ ನ್ಯಾಯಾಲಯ ಇನ್ನೊಂದು ದಾರಿ. ನೀರು ಪೂರೈಕೆ, ನೈರ್ಮಲ್ಯ ಎರಡೂ ಅದರ ವ್ಯಾಪ್ತಿಗೆ ಬರುತ್ತವೆ, ಕೋರ್ಟ್ ಫೀ ಇಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯಲ್ಲಿ ಕೇಳಿದರೆ ಅರ್ಜಿ ಬರೆಯಲು ಸಹಾಯ ಸಿಗುತ್ತದೆ. ರತ್ಲಾಮ್‌ನವರು ಹಿಡಿದ ದಾರಿ, ಅಂದರೆ ಸಾರ್ವಜನಿಕ ಉಪದ್ರವ ಅಂತ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ದೂರು ಕೊಡುವುದು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂನಲ್ಲಿದೆ.

ವಾಲ್ವ್‌ಮನ್ ಮೇಲೆ ಮಾತ್ರ ದೂರು ಬರೆಯಬೇಡಿ. ಬಹಳ ಕಡೆ ಅವರು ಹೊರಗುತ್ತಿಗೆ ನೌಕರರು. ಪೌಡರ್ ತರಿಸುವುದು, ಪೈಪ್ ಬದಲಿಸುವುದು ಅವರ ಕೈಯಲ್ಲಿಲ್ಲ. ಕೊನೆಗೆ ಬಲಿಯಾಗುವವರು ಮಾತ್ರ ಅವರೇ, ಮಾರನೇ ದಿನದಿಂದ ನಿಮಗೆ ನಿಜ ಹೇಳುವವರು ಯಾರೂ ಇರುವುದಿಲ್ಲ.

ಅಲ್ಲಿವರೆಗೆ ಮನೆಯಲ್ಲಿ

ಬ್ಯಾಕ್ಟೀರಿಯಾದ ತೊಂದರೆಯಾದರೆ ಕಾಯಿಸಿ ಕುಡಿಯಿರಿ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಕುದಿದರೆ ಸಾಕು. ಫ್ಲೋರೈಡ್, ನೈಟ್ರೇಟ್ ಇರುವ ನೀರನ್ನು ಕಾಯಿಸಿ ಪ್ರಯೋಜನವಿಲ್ಲ. ನೀರು ಆವಿಯಾದಷ್ಟೂ ಅವು ಗಟ್ಟಿಯಾಗುತ್ತವೆ. ಅದಕ್ಕೆ ಬೇರೆ ಮೂಲದ ನೀರು, ಮಳೆ ನೀರು ಅಥವಾ ಆರ್‌ಓ ಬೇಕು. ಆದರೆ ನಿಮ್ಮ ನೀರಿನ ಟಿಡಿಎಸ್ 500ಕ್ಕಿಂತ ಕಡಿಮೆ ಇದ್ದು ಫ್ಲೋರೈಡ್, ನೈಟ್ರೇಟ್ ಇಲ್ಲದಿದ್ದರೆ ಆರ್‌ಓ ಸುಮ್ನೆ ದುಡ್ಡು ದಂಡ, ನೀರೂ ದಂಡ.

ಬೀದಿ ಬದಿಯ ಶುದ್ಧ ನೀರಿನ ಘಟಕಕ್ಕೆ ನಾಣ್ಯ ಹಾಕಿ ತರುವವರು ಒಂದು ವಿಷಯ ಗಮನಿಸಿ. ಆರ್‌ಓ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಪಾಚಿ ಕಟ್ಟಿದ ಕ್ಯಾನಿನಲ್ಲಿ ತಂದರೆ ಮನೆ ಸೇರುವಷ್ಟರಲ್ಲಿ ಅದು ಮತ್ತೆ ಕೆಟ್ಟಿರಬಹುದು. ಕ್ಯಾನನ್ನು ವಾರಕ್ಕೊಮ್ಮೆಯಾದರೂ ಬ್ಲೀಚಿಂಗ್ ನೀರಿನಲ್ಲಿ ಕುಲುಕಿ ತೊಳೆಯಿರಿ. ಘಟಕದವರನ್ನು ಕೊನೇ ಪರೀಕ್ಷಾ ವರದಿ ಯಾವಾಗಿನದು ಅಂತ ಕೇಳಿ. ಸೀಲ್ ಮಾಡಿದ ಕ್ಯಾನ್ ಕೊಳ್ಳುವುದಾದರೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಸಂಖ್ಯೆ, ತುಂಬಿದ ದಿನಾಂಕ ನೋಡಿಕೊಳ್ಳಿ.

ಸಂಪನ್ನು ಆರು ತಿಂಗಳಿಗೊಮ್ಮೆ ಖಾಲಿ ಮಾಡಿ ತೊಳೆಸಿ. ಇಳಿಯುವವರ ಜೊತೆ ಮೇಲೊಬ್ಬರು ನಿಂತಿರಲಿ. ನಲ್ಲಿಯಲ್ಲಿ ಕ್ಲೋರಿನ್ ಸೊನ್ನೆ ಬಂದ ದಿನ ಸಂಪಿಗೆ ನೀವೇ ಹಾಕಬಹುದು. 1,000 ಲೀಟರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ ಎರಡೂವರೆ ಗ್ರಾಂ. ಅಂದಾಜಿಗೆ ಚಿಟಿಕೆ ಹಾಕದೆ, ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ಒಮ್ಮೆ ತೂಗಿಸಿ ಎಷ್ಟಾಗುತ್ತದೆ ಅಂತ ಕಣ್ಣಳತೆ ಮಾಡಿಕೊಳ್ಳಿ. ಪೌಡರನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರಿಗೆ ಕಲಸಿ, ಇನ್ನಷ್ಟು ನೀರು ಹಾಕಿ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಸಂಪಿಗೆ ಸುರಿದು ಕಲಕಿ. ಒಂದು ಗಂಟೆ ಬಿಟ್ಟು ಕಿಟ್‌ನಲ್ಲಿ ನೋಡಿ, ಬಣ್ಣ ಬಂದರೆ ಬಳಸಬಹುದು. ನೀರು ಮಬ್ಬಾಗಿದ್ದರೆ ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಮೊದಲು ತಿಳಿಯಾಗಲು ಬಿಡಿ.

ಕೊನೆಯದಾಗಿ, ರಿಪೇರಿ ಆದ ಮೇಲಿನ ಕೆಲಸ. ಪೈಪು ಬದಲಿಸಿ ಮಣ್ಣು ಮುಚ್ಚಿದ ಕೂಡಲೇ ಗುತ್ತಿಗೆದಾರರು ಬಿಲ್ಲಿಗೆ ಹೊರಡುತ್ತಾರೆ. ಅಗೆದಾಗ ಪೈಪಿನೊಳಗೆ ಸೇರಿದ ಮಣ್ಣು, ಚರಂಡಿ ನೀರು ಅಲ್ಲೇ ಇರುತ್ತದೆ. ಹೆಚ್ಚು ಕ್ಲೋರಿನ್ ಹಾಕಿದ ನೀರು ಬಿಟ್ಟು ಲೈನ್ ತೊಳೆಯುವಂತೆ ಕೇಳಿ. ಆ ನೀರನ್ನು ಯಾರೂ ತುಂಬಿಕೊಳ್ಳದಂತೆ ಮನೆಮನೆಗೆ ಹೇಳಿ. ಆಮೇಲಿನ ಎರಡು ಸರದಿಗಳಲ್ಲಿ ಕೊನೇ ಮನೆಯ ನಲ್ಲಿಯಲ್ಲಿ ಕ್ಲೋರಿನ್ ನೋಡಿ, ಎರಡನೇ ಸರದಿಯ ನೀರನ್ನು ಲ್ಯಾಬಿಗೆ ಕಳಿಸಿ. ನಮ್ಮ ಬೀದಿಯ ಕೊನೇ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಕಿಟ್ ಈಗ ಅವರ ಮನೆಯಲ್ಲೇ ಇರುತ್ತದೆ, ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಪುಟಗಳಲ್ಲಿ ಕ್ಲೋರಿನ್ ಲೆಕ್ಕ ಬರೆಯುತ್ತಾರೆ. ಕಳೆದ ಸಲ ಕಿರಿಯ ಎಂಜಿನಿಯರ್ ಬಂದಾಗ ತಮ್ಮ ರಿಜಿಸ್ಟರಿಗೆ ಆ ಪುಟದ ಫೋಟೋ ತೆಗೆದುಕೊಂಡು ಹೋದರು.